ನೀರು ನುಗ್ಗಿದ ಕಾರು: ಒಳಗಿನ ಬೂಸ್ಟನ್ನು ಬುಡದಿಂದ ತೆಗೆಯುವುದು ಹೇಗೆ

ಮಳೆಗಾಲದಲ್ಲಿ ನಾಲ್ಕು ದಿನ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದ ಕೂಡಲೇ ಮುಗ್ಗು ವಾಸನೆ ಮೂಗಿಗೆ ಬಡಿಯುತ್ತದೆ. ಸೀಟ್ ಬೆಲ್ಟಿನ ಮೇಲೆ ಬಿಳಿ ಪುಡಿ. ಸ್ಟೀರಿಂಗ್ ಮೇಲೆ ಹಸಿರು ಚುಕ್ಕೆ. ಸೀಟಿನ ಹೊಲಿಗೆ ಉದ್ದಕ್ಕೂ ಕಪ್ಪು ಗೆರೆ. ಹೆಚ್ಚಿನವರು ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ಯಾಶ್‌ಬೋರ್ಡ್ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ಇಟ್ಟು ಸುಮ್ಮನಾಗುತ್ತಾರೆ. ಎರಡು ವಾರಕ್ಕೆ ಬೂಸ್ಟು ಮತ್ತೆ ಹಾಜರ್.

ಕಾರಣ ಇಷ್ಟೇ. ಕಣ್ಣಿಗೆ ಕಾಣುವ ಬೂಸ್ಟು ಒಂದು ಪಾಲು ಮಾತ್ರ. ಅದಕ್ಕೆ ನೀರುಣಿಸುತ್ತಿರುವ ತೇವ ಕಾರ್ಪೆಟ್ಟಿನ ಕೆಳಗೆ ಕೂತಿರುತ್ತದೆ. ಕಾರಿನ ನೆಲದ ಕಾರ್ಪೆಟ್ ಅಡಿಯಲ್ಲಿ ಸದ್ದು, ಬಿಸಿ ತಡೆಯಲು ದಪ್ಪ ಫೆಲ್ಟ್ ಅಥವಾ ಫೋಮ್ ಹಾಸಿರುತ್ತಾರೆ. ಅದು ಒಮ್ಮೆ ನೀರು ಕುಡಿದರೆ ತಾನಾಗಿ ಒಣಗುವುದಿಲ್ಲ. ಮೇಲಿನ ಕಾರ್ಪೆಟ್ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ವಾರಗಟ್ಟಲೆ ಹಸಿ. ಹಾಗಾಗಿ ಈ ಕೆಲಸದಲ್ಲಿ ತೊಳೆಯುವುದಕ್ಕಿಂತ ಬಿಚ್ಚುವುದು, ಒಣಗಿಸುವುದು ಜಾಸ್ತಿ. ಎರಡು ಮೂರು ದಿನ ಕೈಯಲ್ಲಿದ್ದರೆ, ಸಾಮಾನ್ಯ ಪಾನಾ ಸೆಟ್ ಹಿಡಿಯಲು ಬಂದರೆ ಮನೆಯಲ್ಲೇ ಮಾಡಬಹುದು.

ಒದ್ದೆಯಾದ ಬಟ್ಟೆ, ಫೋಮಿನಲ್ಲಿ ಬೂಸ್ಟು ಬೇರು ಬಿಡಲು 24ರಿಂದ 48 ಗಂಟೆ ಸಾಕು. ನೀರು ಹೊಕ್ಕಿದ ದಿನವೇ ಕೆಲಸ ಶುರು ಮಾಡಿದರೆ ಬರೀ ಒಣಗಿಸುವುದರಲ್ಲೇ ಮುಗಿಯುತ್ತದೆ. ಭಾನುವಾರ ಬರಲಿ ಎಂದು ಕಾದರೆ ಮುಂದಿನದ್ದೆಲ್ಲ ಬೇಕಾಗುತ್ತದೆ.

ಯಾವ ನೀರು ಅಂತ ಮೊದಲು ತಿಳಿದುಕೊಳ್ಳಿ

ಕಿಟಕಿ ತೆರೆದಿಟ್ಟು ಮರೆತಿದ್ದಕ್ಕೆ ಮಳೆ ನೀರು ಬಿದ್ದಿದ್ದರೆ ಅದು ಹೆಚ್ಚುಕಡಿಮೆ ಶುದ್ಧ ನೀರು. ರಸ್ತೆಯಲ್ಲಿ ನಿಂತ ನೀರು, ಬೇಸ್‌ಮೆಂಟಿಗೆ ನುಗ್ಗಿದ ನೀರು ಹಾಗಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ನಿಂತಲ್ಲೇ ಮುಳುಗಿದವು. ಅವುಗಳೊಳಗೆ ಹೋಗಿದ್ದು ಕೆರೆ ಮತ್ತು ರಾಜಕಾಲುವೆಯಿಂದ ಉಕ್ಕಿ ಬಂದ ನೀರು. ಅದರಲ್ಲಿ ಚರಂಡಿ ನೀರು ಸೇರಿರುತ್ತದೆ, ಎಣ್ಣೆ ಇರುತ್ತದೆ, ಇಲಿ ಮೂತ್ರವೂ ಇರಬಹುದು. ಕೈಕಾಲಲ್ಲಿ ಗಾಯ ಇಟ್ಟುಕೊಂಡು ಅಂಥ ನೀರು ಮುಟ್ಟಿದರೆ ಇಲಿ ಜ್ವರದ ಅಪಾಯ ಇದೆ. ಇಂಥ ನೀರು ಕುಡಿದ ಫೆಲ್ಟ್, ಫೋಮುಗಳನ್ನು ತೊಳೆದು ಉಳಿಸುವ ಆಸೆ ಬೇಡ. ತೆಗೆದು ಎಸೆದು ಹೊಸದು ಹಾಕಿಸುವುದೇ ಸರಿ. ಮಕ್ಕಳ ಕಾರ್ ಸೀಟ್ ಅದರಲ್ಲಿ ಮುಳುಗಿದ್ದರೆ ಅದನ್ನೂ ಬಿಟ್ಟುಬಿಡಿ.

ನೀರು ಎಷ್ಟು ಎತ್ತರ ಬಂದಿತ್ತು ಎಂಬುದೂ ಮುಖ್ಯ. ಬಾಗಿಲಿನ ಒಳಗಿನ ಪ್ಯಾನೆಲ್ ಮೇಲೆ ಕೆಸರಿನ ಗೆರೆ ಕಾಣುತ್ತದೆ. ಸೀಟಿನ ಕುಶನ್ ಮುಟ್ಟಿದ್ದರೆ, ಅಥವಾ ಎಂಜಿನ್ನಿಗೆ ನೀರು ಹೋಗಿರಬಹುದು ಎಂಬ ಸಂಶಯ ಇದ್ದರೆ, ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿನೊಳಗೆ ನೀರು ಇದ್ದಾಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಬಹುದು. ಸಾಮಾನ್ಯ ವಿಮೆಯಲ್ಲಿ ಆ ಖರ್ಚು ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ಕವರ್ ತೆಗೆದುಕೊಂಡವರಿಗೆ ಮಾತ್ರ ಅದರ ಅನುಕೂಲ.

ಪ್ರವಾಹದ ನೀರಾದರೆ ಏನನ್ನೂ ಬಿಚ್ಚುವ ಮೊದಲು ವಿಮಾ ಕಂಪನಿಗೆ ತಿಳಿಸಿ. ಕೆಸರಿನ ಗೆರೆ, ಒದ್ದೆ ಕಾರ್ಪೆಟ್, ಓಡೋಮೀಟರ್ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಸರ್ವೇಯರ್ ನೋಡುವ ಮೊದಲೇ ಕಾರ್ಪೆಟ್ ಕಿತ್ತು ಎಸೆದರೆ ಕ್ಲೇಮ್ ಹೊತ್ತಿಗೆ ವಾದಕ್ಕೆ ಕೂರಬೇಕಾಗುತ್ತದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ನಿಮ್ಮ ಕಾರಿಗಾದ ನಷ್ಟಕ್ಕೆ ಏನೂ ಬರುವುದಿಲ್ಲ. ರಿಪೇರಿ ಖರ್ಚು ಪಾಲಿಸಿಯಲ್ಲಿರುವ ಐಡಿವಿ (ವಿಮೆಗೆಂದು ನಿಗದಿ ಮಾಡಿದ ಕಾರಿನ ಬೆಲೆ) ಮೊತ್ತದ 75 ಶೇಕಡಾ ದಾಟಿದರೆ ಸಾಮಾನ್ಯವಾಗಿ ಟೋಟಲ್ ಲಾಸ್, ಅಂದರೆ ಕಾರು ಪೂರ್ತಿ ನಷ್ಟ, ಎಂದು ಪರಿಗಣಿಸುತ್ತಾರೆ. ಆಗ ಬೂಸ್ಟು ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರು ನೀರಲ್ಲಿ ನಿಂತಿದ್ದರೆ ಹತ್ತಿರ ಹೋಗದೆ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ. ಕಿತ್ತಳೆ ಬಣ್ಣದ ವೈರುಗಳಲ್ಲಿ ಓಡುವುದು ಪ್ರಾಣ ತೆಗೆಯುವಷ್ಟು ವೋಲ್ಟೇಜ್.

ಕೈ ಹಾಕುವ ಮುನ್ನ

ಎನ್‌95 ಮಾಸ್ಕ್, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಕೊರೊನಾ ಕಾಲದ ಬಟ್ಟೆ ಮಾಸ್ಕ್ ಇದಕ್ಕೆ ಸಾಲದು. ಆಸ್ತಮಾ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ಹತ್ತಿರ ಇರುವುದು ಬೇಡ. ಕಾರನ್ನು ಬಯಲಿಗೆ ತಂದು ನಿಲ್ಲಿಸಿ, ಐದೂ ಬಾಗಿಲು ತೆಗೆದು ಅರ್ಧ ಗಂಟೆ ಬಿಡಿ.

ಮುಂದೆ ಹೇಳುವ ಸೋರಿಕೆ ಪರೀಕ್ಷೆಗೆ ಎಸಿ, ಸನ್‌ರೂಫ್ ಓಡಬೇಕಿದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಕನಿಷ್ಠ 10 ನಿಮಿಷ ಬಿಟ್ಟು ಸೀಟಿಗೆ ಕೈ ಹಾಕಿ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರ್ ಇರುತ್ತದೆ. ಅದು ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟಿಗೆ ಸಂಬಂಧಿಸಿದ್ದು. ಬ್ಯಾಟರಿ ಜೋಡಿಸಿಯೇ ಅದನ್ನು ಕೀಳಬಾರದು. ಸೀಟ್ ಹೊರಗೆ ಇರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಹಾಗೇ ಉಳಿಯುತ್ತದೆ. ಅದನ್ನು ಆರಿಸಲು ಗ್ಯಾರೇಜಿಗೆ ಹೋಗಿ ಸ್ಕ್ಯಾನರ್ ಹಾಕಿಸಬೇಕು. ಸೀಟ್ ಬಿಚ್ಚುವ ಧೈರ್ಯ ಇಲ್ಲದಿದ್ದರೆ ಅಷ್ಟು ಭಾಗವನ್ನು ಪರಿಚಯದ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ, ಉಳಿದದ್ದು ನೀವು ಮಾಡಿ.

ನೀರು ಎಲ್ಲಿಂದ ಬಂತು?

ಪ್ರವಾಹವಾದರೆ ಈ ಪ್ರಶ್ನೆ ಇಲ್ಲ. ಆದರೆ ಕರಾವಳಿ, ಮಲೆನಾಡು ಕಡೆ ಹೆಚ್ಚಿನ ಕಾರುಗಳಿಗೆ ಬೂಸ್ಟು ಬರುವುದು ಪ್ರವಾಹದಿಂದಲ್ಲ, ಸಣ್ಣ ಸೋರಿಕೆಯಿಂದ. ಸೋರಿಕೆ ಹುಡುಕದೆ ಒಳಗೆ ಎಷ್ಟು ತಿಕ್ಕಿದರೂ ವ್ಯರ್ಥ. ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ.

ಮುಂದಿನ ಎಡ ಸೀಟಿನ ಕಾಲಿಡುವ ಜಾಗ ಮಾತ್ರ ಒದ್ದೆಯೇ? ಹಾಗಾದರೆ ಮೊದಲ ಅನುಮಾನ ಎಸಿ ಮೇಲೆ. ಎಸಿ ಓಡುವಾಗ ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಇಳಿದು ಒಂದು ಸಣ್ಣ ರಬ್ಬರ್ ಪೈಪಿನಲ್ಲಿ ಕಾರಿನ ಕೆಳಗೆ ಸುರಿಯುತ್ತದೆ. ಎಸಿ ಹಾಕಿ ನಿಲ್ಲಿಸಿದ ಕಾರಿನ ಅಡಿ ನೀರು ತೊಟ್ಟಿಕ್ಕುವುದನ್ನು ಎಲ್ಲರೂ ನೋಡಿರುತ್ತೀರಿ, ಅಲ್ವಾ? ಆ ಪೈಪಿಗೆ ಧೂಳು, ಎಲೆ ಚೂರು ಕಟ್ಟಿಕೊಂಡರೆ ಅದೇ ನೀರು ಒಳಗೆ ಬರುತ್ತದೆ. ಎಸಿ ಹಾಕಿ ಕಾಲು ಗಂಟೆ ಆದರೂ ಕೆಳಗೆ ಹನಿ ಬೀಳದಿದ್ದರೆ ಪೈಪ್ ಕಟ್ಟಿದೆ ಎಂದು ಹೆಚ್ಚುಕಡಿಮೆ ಖಚಿತ. ಒಳಗೆ ಬಂದ ನೀರು ಅಂಟಂಟಾಗಿದ್ದು, ಬಣ್ಣ ಇದ್ದು, ಸಿಹಿ ವಾಸನೆ ಬಂದರೆ ಅದು ಹೀಟರಿನಿಂದ ಸೋರಿದ ಕೂಲಂಟ್, ಅಂದರೆ ಎಂಜಿನ್ ತಂಪಿಡುವ ದ್ರವ. ಅದಕ್ಕೆ ಗ್ಯಾರೇಜೇ ಗತಿ.

ಮಳೆ ಬಂದಾಗ ಮಾತ್ರ ಅದೇ ಜಾಗ ಒದ್ದೆಯಾದರೆ ವೈಪರ್ ಕೆಳಗಿನ ಜಾಲರಿ ನೋಡಿ. ಮಾವಿನ ಮರ, ಹಲಸಿನ ಮರದಡಿ ನಿಲ್ಲಿಸುವ ಕಾರುಗಳಲ್ಲಿ ಆ ಜಾಲರಿ ಅಡಿ ಎಲೆ ಕೊಳೆತು ಗೊಬ್ಬರವೇ ಆಗಿರುತ್ತದೆ. ನೀರು ಹೊರಗೆ ಹೋಗುವ ದಾರಿ ಮುಚ್ಚಿ ಬ್ಲೋವರಿನ ಬಾಯಿಗೆ ಇಳಿಯುತ್ತದೆ.

ಸನ್‌ರೂಫ್ ಇರುವ ಕಾರುಗಳಿಗೆ ಇನ್ನೊಂದು ತಾಪತ್ರಯ. ಸನ್‌ರೂಫ್ ಗಾಜಿನ ಸುತ್ತ ಇರುವ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಇಳಿದ ನೀರು ಮೂಲೆಯ ತೂತಿನಿಂದ ಪೈಪುಗಳಲ್ಲಿ ಹರಿದು ಕೆಳಗೆ ಹೋಗಲೆಂದೇ ಅದರ ವಿನ್ಯಾಸ. ಸನ್‌ರೂಫ್ ತೆರೆದು ಒಂದು ಮೂಲೆಗೆ ಅರ್ಧ ಲೋಟ ನೀರು ನಿಧಾನಕ್ಕೆ ಹಾಕಿ. ಚಕ್ರದ ಹತ್ತಿರ ಅಥವಾ ಕಾರಿನ ಕೆಳಗೆ ನೀರು ಬರಬೇಕು. ನಿಂತುಕೊಂಡರೆ ತೂತು ಕಟ್ಟಿದೆ. ಮೀನು ಹಿಡಿಯುವ ದಪ್ಪ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ ಬಿಡಿಸಿ. ಪಂಕ್ಚರ್ ಅಂಗಡಿಯ ಏರ್ ಹೊಡೆಸಬೇಡಿ, ಒಳಗೆ ಪೈಪ್ ಕಳಚಿಕೊಂಡರೆ ಇಡೀ ರೂಫ್ ಲೈನಿಂಗ್ ಇಳಿಸಬೇಕಾಗುತ್ತದೆ.

ಬಾಗಿಲುಗಳಲ್ಲೂ ಇದೇ ಕತೆ. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಹೋಗುವುದು ಸಹಜ, ಬಾಗಿಲಿನ ಕೆಳ ಅಂಚಿನ ತೂತುಗಳಿಂದ ಅದು ಹೊರಬರುತ್ತದೆ. ಬಾಗಿಲಿನ ಪ್ಯಾಡ್ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ನೀರು ಈಚೆ ಬಾರದಿರಲಿ ಎಂದು. ಹೊಸ ಸ್ಪೀಕರ್ ಹಾಕಿಸಿದ ಮೇಲೆ ಕಾರು ಸೋರಲು ಶುರುವಾದರೆ ಆ ಹಾಳೆ ಹರಿದಿರುವ ಸಾಧ್ಯತೆ ಜಾಸ್ತಿ. ಹಿಂದೆ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ನೋಡಿ. ಅಲ್ಲಿ ನೀರು ನಿಂತಿದ್ದರೆ ಟೇಲ್ ಲೈಟಿನ ಗ್ಯಾಸ್ಕೆಟ್ ಅಥವಾ ಡಿಕ್ಕಿಯ ಅಂಚಿನ ರಬ್ಬರ್ ಬೀಡಿಂಗ್ ಹೋಗಿದೆ.

ಗೊತ್ತಾಗದಿದ್ದರೆ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನಿಂದ ಮೇಲಕ್ಕೆ, ಒಂದೊಂದೇ ಜಾಗಕ್ಕೆ, ನಿಧಾನವಾಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ.

ಬಿಚ್ಚುವುದು

ಮೊದಲು ಮ್ಯಾಟ್, ಆಮೇಲೆ ಸೀಟ್ ಕವರ್. ನಮ್ಮಲ್ಲಿ ಹೊಸ ಕಾರು ತೆಗೆದುಕೊಂಡ ವಾರದಲ್ಲೇ ಬಟ್ಟೆ ಸೀಟಿನ ಮೇಲೆ ರೆಕ್ಸಿನ್ ಕವರ್ ಹಾಕಿಸುವುದು ರೂಢಿ. ಆ ಕವರಿನಡಿ ಗಾಳಿ ಆಡುವುದಿಲ್ಲ. ಮೇಲೆ ಥಳಥಳ ಹೊಳೆಯುವ ಸೀಟಿನ ಕವರ್ ಬಿಚ್ಚಿದಾಗ ಒಳಗಿನ ಬಟ್ಟೆ ತುಂಬ ಬೂದು ಬಣ್ಣದ ವೃತ್ತಗಳು ಕಾಣುವುದುಂಟು.

ಫ್ಲೋರ್ ಲ್ಯಾಮಿನೇಷನ್ ಇದ್ದರೆ ಅದನ್ನು ಕಿತ್ತುಹಾಕಿ. ಕಂಪನಿಯ ಕಾರ್ಪೆಟ್ ಮೇಲೆ ರೆಕ್ಸಿನ್ ಹಾಳೆಯನ್ನು ಅಂಟಿಸಿ ಕೂರಿಸುವ ಈ ಪದ್ಧತಿ ಕಾರು ಚೊಕ್ಕ ಇರಲಿ ಎಂದು ಬಂದದ್ದು. ಒಂದು ಹನಿ ನೀರು ಕೆಳಗೆ ಹೋದರೂ ಅದು ಮತ್ತೆ ಮೇಲೆ ಬರಲು ದಾರಿ ಇಲ್ಲ. ಮಳೆ ಜಾಸ್ತಿ ಇರುವ ಊರಿನವರು ಲ್ಯಾಮಿನೇಷನ್ ಮಾಡಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎತ್ತಿ ತೊಳೆಯಬಹುದಾದ ರಬ್ಬರ್ ಮ್ಯಾಟ್ ಸಾಕು.

ಮುಂದಿನ ಸೀಟುಗಳು ಸಾಮಾನ್ಯವಾಗಿ ನಾಲ್ಕು ಬೋಲ್ಟುಗಳ ಮೇಲೆ ನಿಂತಿರುತ್ತವೆ. ಸೀಟನ್ನು ಹಿಂದೆ ಸರಿಸಿ ಮುಂದಿನ ಎರಡು, ಮುಂದೆ ಸರಿಸಿ ಹಿಂದಿನ ಎರಡು ಬಿಚ್ಚಿ. ಹಲವು ಕಾರುಗಳಿಗೆ 14ರ ಪಾನಾ ಹಿಡಿಸುತ್ತದೆ, ಕೆಲವಕ್ಕೆ ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್ ಬೇಕು. ಹಿಂದಿನ ಸೀಟಿನ ಕುಶನ್ ಬಹಳಷ್ಟು ಕಾರುಗಳಲ್ಲಿ ಬರೀ ಕ್ಲಿಪ್ ಮೇಲೆ ಕೂತಿರುತ್ತದೆ, ಮುಂದಿನ ಅಂಚು ಹಿಡಿದು ಮೇಲಕ್ಕೆ ಜಗ್ಗಿದರೆ ಬರುತ್ತದೆ. ಬಾಗಿಲಿನ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಗಳನ್ನೂ ಎಬ್ಬಿಸಿ. ಬಿಚ್ಚಿದ ಬೋಲ್ಟುಗಳನ್ನು ಆಯಾ ಸೀಟಿನ ಹೆಸರು ಬರೆದ ಕವರಿಗೆ ಹಾಕಿ, ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆಯಿರಿ.

ಈಗ ಕಾರ್ಪೆಟ್. ಹೊಸ್ತಿಲ ಕಡೆಯಿಂದ ಅದರ ಅಂಚು ಹಿಡಿದು ಒಂದು ಗೇಣು ಎತ್ತಿ, ಕೆಳಗೆ ಕೈ ಹಾಕಿ ಫೆಲ್ಟನ್ನು ಮುಷ್ಟಿಯಲ್ಲಿ ಹಿಂಡಿ. ಬೆರಳ ಸಂದಿಯಿಂದ ಕಂದು ನೀರು ಜಿನುಗುತ್ತದೆ. ಫೆಲ್ಟಿನ ಅಡಿ ಭಾಗ ಲೋಳೆಯಾಗಿರುತ್ತದೆ, ಅದಕ್ಕೆ ತಾಗಿದ ತಗಡಿನ ಮೇಲೆ ನೀರಿನ ಗೆರೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ. ಮುಗ್ಗು ವಾಸನೆ ಇಲ್ಲಿಂದಲೇ ಏಳುತ್ತಿತ್ತು ಎಂದು ಆ ಕ್ಷಣವೇ ತಿಳಿಯುತ್ತದೆ. ಕಾರ್ಪೆಟ್ ಪೂರ್ತಿ ಹೊರಗೆ ತೆಗೆಯಲು ನಡುವಿನ ಗೇರ್ ಕನ್ಸೋಲ್ ಬಿಚ್ಚಬೇಕಾಗುತ್ತದೆ. ಅದು ಬೇಡ ಎನಿಸಿದರೆ ಒದ್ದೆ ಕಡೆಯ ಕಾರ್ಪೆಟ್ ಎತ್ತಿ, ಕೆಳಗೆ ಇಟ್ಟಿಗೆಯೋ ಮರದ ತುಂಡೋ ಕೊಟ್ಟು ಗಾಳಿ ಆಡುವಂತೆ ಮಾಡಿ. ಕನ್ಸೋಲಿನ ಅಡಿ ಏರ್‌ಬ್ಯಾಗ್ ಕಂಟ್ರೋಲ್ ಯೂನಿಟ್ ಇರುತ್ತದೆ, ಅದನ್ನು ಮುಟ್ಟಬೇಡಿ. ಅದರವರೆಗೂ ನೀರು ಬಂದಿದ್ದರೆ ಸರ್ವಿಸ್ ಸೆಂಟರಿನವರೇ ನೋಡಲಿ.

ನೆಲದ ತಗಡಿನಲ್ಲಿ ಅಲ್ಲಲ್ಲಿ ರಬ್ಬರ್ ಬಿರಡೆಗಳಿರುತ್ತವೆ. ನಿಂತ ನೀರು ಜಾಸ್ತಿ ಇದ್ದರೆ ಒಂದೆರಡು ತೆಗೆದು ಹರಿಯಲು ಬಿಡಿ. ವಾಪಸ್ ಹಾಕಲು ಮರೆಯಬೇಡಿ.

ಒಣಗಿಸುವುದು, ಊರಿಗೆ ತಕ್ಕ ಹಾಗೆ

ವೆಟ್ ಆ್ಯಂಡ್ ಡ್ರೈ ವ್ಯಾಕ್ಯೂಮ್ ಇದ್ದರೆ ಅರ್ಧ ಕೆಲಸ ಒಂದು ಗಂಟೆಯಲ್ಲಿ ಆಗುತ್ತದೆ. ಮನೆಯ ಮಾಮೂಲಿ ವ್ಯಾಕ್ಯೂಮಿನಲ್ಲಿ ನೀರು ಎಳೆಯಬೇಡಿ, ಮೋಟಾರ್ ಸುಡುತ್ತದೆ, ಶಾಕ್ ಹೊಡೆಯುವ ಭಯವೂ ಇದೆ. ಯಂತ್ರ ಇಲ್ಲದವರು ಹಳೆಯ ಟರ್ಕಿ ಟವೆಲ್ ಹಾಸಿ, ಮೇಲೆ ನಿಂತು ಒತ್ತಿ, ಹಿಂಡಿ, ಮತ್ತೆ ಹಾಸಿ. ಬೇಸರದ ಕೆಲಸ, ಆದರೆ ನೀರು ಬರುತ್ತದೆ.

ಕಣ್ಣಿಗೆ ಕಾಣುವ ಬೂಸ್ಟನ್ನು ಮುಂದೆ ಹೇಳುವ ಹಾಗೆ ಒಮ್ಮೆ ಒರೆಸಿ, ಆಮೇಲೆ ಗಾಳಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆ ಮಳೆ ನಿಂತು ಬಿಸಿಲು ಬಿದ್ದರೆ ಎಲ್ಲ ಬಾಗಿಲು ತೆರೆದು ಕಾರನ್ನು ಬಿಸಿಲಿಗೆ ನಿಲ್ಲಿಸಿ, ಒಂದು ಟೇಬಲ್ ಫ್ಯಾನ್ ಅಡ್ಡವಾಗಿ ಇಡಿ. ಕಿಟಕಿ ಮುಚ್ಚಿ ಬಿಸಿಲಿಗೆ ಬಿಡುವವರಿದ್ದಾರೆ. ಹಾಗೆ ಮಾಡಿದರೆ ಕಾರು ಮುಚ್ಚಳ ಹಾಕಿದ ಇಡ್ಲಿ ಪಾತ್ರೆಯಾಗುತ್ತದೆ. ನೆಲದ ನೀರು ಆವಿಯಾಗಿ ಮೇಲೆ ಹೋಗಿ, ರೂಫ್ ಲೈನಿಂಗಿಗೆ ಹಿಡಿದು, ಅಲ್ಲಿಯೂ ಬೂಸ್ಟು ತರುತ್ತದೆ.

ಕರಾವಳಿ, ಮಲೆನಾಡಿನ ಜುಲೈ ತಿಂಗಳಿಗೆ ಈ ಉಪಾಯ ನಡೆಯುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊರಗಿನ ಗಾಳಿಯೇ ಹಸಿ ಹಸಿ ಇರುವಾಗ ಬಾಗಿಲು ತೆರೆದಿಟ್ಟು ಏನನ್ನು ಒಣಗಿಸುವುದು? ಅಲ್ಲಿ ಎರಡು ದಾರಿ. ಗಾಳಿಯ ತೇವ ಹೀರುವ ಯಂತ್ರ, ಡಿಹ್ಯುಮಿಡಿಫೈಯರ್, ಸಿಕ್ಕರೆ ಕಾರಿನೊಳಗೆ ಇಟ್ಟು, ಎಲ್ಲ ಬಾಗಿಲು ಮುಚ್ಚಿ, ವೈರ್ ಬರುವಷ್ಟು ಮಾತ್ರ ಕಿಟಕಿ ಸಂದಿ ಬಿಟ್ಟು, ಆ ಸಂದಿಗೂ ಬಟ್ಟೆ ತುರುಕಿ ಓಡಿಸಿ. ಅದರ ತೊಟ್ಟಿಯಲ್ಲಿ ನೀರು ಸೇರುವುದು ಕಮ್ಮಿಯಾಗುತ್ತ ಬಂದರೆ ಕಾರು ಒಣಗುತ್ತಿದೆ ಎಂದರ್ಥ. ಅದು ಸಿಗದಿದ್ದರೆ ಕಾರ್ಪೆಟ್, ಫೆಲ್ಟ್, ಕುಶನ್‌ಗಳನ್ನೇ ಹೊರತೆಗೆದು ಮನೆಯೊಳಗೆ ಫ್ಯಾನಿನಡಿ ಹಾಕಿ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಗೂಡು ಇರುವ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಬೇಡ. ಬಚ್ಚಲ ಒಲೆಯ ಬಿಸಿಗೆ ಹತ್ತಿರ ಹರವುವವರು ಒಂದು ಮಾತು ನೆನಪಿಡಿ: ಫೋಮಿಗೆ ಕಿಡಿ ತಾಗಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ, ಹೊಗೆ ವಿಷ.

ಸಿಲಿಕಾ ಜೆಲ್ ಪೊಟ್ಟಣ, ಇದ್ದಿಲಿನ ಚೀಲ ಇವೆಲ್ಲ ಒಣಗಿದ ಕಾರನ್ನು ಒಣಗಿರುವಂತೆ ಇಡಲು ಒಳ್ಳೆಯವು. ನೀರು ಕುಡಿದ ಫೆಲ್ಟಿನ ಮುಂದೆ ಅವುಗಳ ಆಟ ನಡೆಯುವುದಿಲ್ಲ.

ಒಣಗಿತೇ ಎಂದು ತಿಳಿಯುವುದು ಹೀಗೆ. ಬಿಳಿ ಟಿಶ್ಯೂ ಕಾಗದವನ್ನು ಮಡಚಿ ಫೆಲ್ಟಿನ ಅಡಿ ಭಾಗಕ್ಕೆ ಒಂದು ನಿಮಿಷ ಬಲವಾಗಿ ಒತ್ತಿ. ಕಾಗದ ತಣ್ಣಗಾದರೂ ಸಾಕು, ಇನ್ನೂ ತೇವ ಇದೆ. ಇನ್ನೂ ನಂಬಿಕೆಯ ಪರೀಕ್ಷೆ ಬೇಕೆಂದರೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾರ್ಪೆಟ್ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿ ಮಂಜು ಕಂಡರೆ ಒಣಗಿಸುವುದು ಮುಂದುವರಿಯಲಿ. ಈ ಪರೀಕ್ಷೆ ಪಾಸಾಗುವ ತನಕ ಸೀಟು ಕೂರಿಸಬೇಡಿ.

ಬೂಸ್ಟು ತೆಗೆಯುವುದು

ಇದನ್ನು ಒಣಗಿಸುವ ಕೆಲಸದ ನಡುವೆಯೇ ಮಾಡಬಹುದು. ಗಾಳಿಗೆ ಹಾಕುವ ಮೊದಲು ಕಣ್ಣಿಗೆ ಕಾಣುವ ಬೂಸ್ಟನ್ನು ಒಮ್ಮೆ ಒರೆಸಿ ತೆಗೆದಿರಬೇಕು, ಇಲ್ಲವಾದರೆ ಫ್ಯಾನ್ ಅದನ್ನೇ ಇಡೀ ಕಾರಿಗೆ ಹರಡುತ್ತದೆ. ಒಣ ಬ್ರಷ್ಷಿನಲ್ಲಿ ಉಜ್ಜುವುದೂ ಅದಕ್ಕೇ ತಪ್ಪು, ಬೀಜಕಣಗಳೆಲ್ಲ ಗಾಳಿಗೆ ಏಳುತ್ತವೆ. ಮೊದಲು ಸ್ಪ್ರೇ ಹೊಡೆದು ನೆನೆಸಿ, ಆಮೇಲೆ ಒರೆಸಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ಬಳಸಿ.

ಏನು ಹೊಡೆಯಬೇಕು? ದಿನಸಿ ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಬಟ್ಟೆ, ಕಾರ್ಪೆಟ್, ಪ್ಲಾಸ್ಟಿಕ್ಕಿಗೆ ಇದು ಸಾಕು. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು, ಸ್ವಲ್ಪವೇ ಸೋಪು ನೀರು ಹಚ್ಚಿದ ಬ್ರಷ್ಷಿನಲ್ಲಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಹೀರಿ ತೆಗೆಯಿರಿ. ವಿನೆಗರ್ ವಾಸನೆ ಒಂದೆರಡು ದಿನದಲ್ಲಿ ಹೋಗುತ್ತದೆ. ಬಕೆಟ್‌ಗಟ್ಟಲೆ ನೀರು ಸುರಿಯಬೇಡಿ, ಒಣಗಿಸಿದ್ದೆಲ್ಲ ಮತ್ತೆ ಒದ್ದೆಯಾಗುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಗ ಆರುತ್ತದೆ, ಹಾಗಾಗಿ ಹೊಲಿಗೆ ಸಂದಿ, ಸೀಟಿನ ಅಂಚಿಗೆ ಒಳ್ಳೆಯದು. 99 ಶೇಕಡಾದ್ದಕ್ಕಿಂತ 70ರದ್ದೇ ಕೆಲಸಕ್ಕೆ ಬರುತ್ತದೆ, ಬೂಸ್ಟಿನೊಳಗೆ ಇಳಿಯಲು ಸ್ವಲ್ಪ ನೀರೂ ಬೇಕು. ಬೆಂಕಿ ಹತ್ತುವ ವಸ್ತು, ಬಾಗಿಲು ತೆರೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಯಾವುದನ್ನೇ ಆಗಲಿ ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ಬಣ್ಣ ಬಿಡುತ್ತದೆಯೇ ನೋಡಿ.

ಬ್ಲೀಚಿಂಗ್ ಪೌಡರ್, ಬ್ಲೀಚ್ ದ್ರಾವಣ ಕಾರಿನೊಳಗೆ ಬೇಡವೇ ಬೇಡ. ಬಣ್ಣ ತಿನ್ನುತ್ತದೆ, ತಗಡಿಗೆ ತುಕ್ಕು ಹಿಡಿಸುತ್ತದೆ. ವಿನೆಗರ್ ಜೊತೆ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕಾರಿನೊಳಗೆ ಅದು ಶ್ವಾಸಕೋಶವನ್ನೇ ಸುಡಬಲ್ಲದು.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಸತ್ತ ಬೂಸ್ಟೂ ಅಲರ್ಜಿ ತರುತ್ತದೆ. ಏನೋ ಸ್ಪ್ರೇ ಹೊಡೆದು ಕೊಂದರೆ ಸಾಲದು, ಒರೆಸಿ ಅಥವಾ ಎಳೆದು ಹೊರಗೆ ಹಾಕಲೇಬೇಕು. ಓಝೋನ್ ಯಂತ್ರ ಹಾಕಿ ಒಂದು ಗಂಟೆಯಲ್ಲಿ ಬೂಸ್ಟು ಮಾಯ ಎನ್ನುವ ಜಾಹೀರಾತಿಗೆ ಇದೇ ಉತ್ತರ. ಓಝೋನ್ ವಾಸನೆ ಕಮ್ಮಿ ಮಾಡಬಹುದು, ಫೋಮಿನೊಳಗಿನ ಬೂಸ್ಟನ್ನು ಹೊರತೆಗೆಯುವುದಿಲ್ಲ. ರಬ್ಬರ್ ಬೀಡಿಂಗುಗಳಿಗೂ ಒಳ್ಳೆಯದಲ್ಲ. ಮಾಡಿಸಿದರೂ ಎಲ್ಲ ತೊಳೆದು ಒಣಗಿಸಿದ ಮೇಲೆ ಮಾಡಿಸಿ, ಆಗ ಕಾರಿನೊಳಗೆ ಯಾರೂ ಇರಬಾರದು, ಮುಗಿದ ಮೇಲೆ ಚೆನ್ನಾಗಿ ಗಾಳಿಯಾಡಿಸಿ.

ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ಸುರುಳಿಯ ಹತ್ತಿರ ಬಟ್ಟೆ ಕ್ಲಿಪ್ ಹಾಕಿ ನಿಲ್ಲಿಸಿ. ಉಗುರು ಬೆಚ್ಚಗಿನ ಸೋಪು ನೀರಿನಲ್ಲಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕ್ಲಿಪ್ ತೆಗೆಯಿರಿ. ಬೆಲ್ಟಿಗೆ ಬಿರುಸಾದ ರಾಸಾಯನಿಕ ಹಾಕಿದರೆ ಅದರ ನೂಲು ದುರ್ಬಲವಾಗುತ್ತದೆ. ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡಬೇಕಾದದ್ದು ಆ ನೂಲೇ.

ರೂಫ್ ಲೈನಿಂಗಿಗೆ ಸ್ಪ್ರೇ ನೇರ ಹೊಡೆಯಬೇಡಿ. ಅದರ ಬಟ್ಟೆ ಹಲಗೆಗೆ ಅಂಟಿಸಿದ್ದು, ನೆಂದರೆ ಅಂಟು ಬಿಟ್ಟು ಜೋತು ಬೀಳುತ್ತದೆ. ಮೈಕ್ರೊಫೈಬರ್ ಬಟ್ಟೆಗೆ ಸ್ವಲ್ಪ ದ್ರಾವಣ ಹಾಕಿ ಒತ್ತಿ ಒತ್ತಿ ತೆಗೆಯಿರಿ. ಚರ್ಮದ ಸೀಟಿಗೆ ಆಲ್ಕೋಹಾಲ್ ಬೇಡ. ವಿನೆಗರನ್ನು ಇನ್ನಷ್ಟು ತೆಳು ಮಾಡಿ ಒರೆಸಿ, ಒಣಗಿದ ಮೇಲೆ ಲೆದರ್ ಕಂಡೀಷನರ್ ಹಚ್ಚಿ. ಟಚ್ ಸ್ಕ್ರೀನನ್ನು ಬರೀ ತೇವದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಉಳಿದ ಪ್ಲಾಸ್ಟಿಕ್ ಭಾಗಗಳು ಸುಲಭ, ಬಾಗಿಲಿನ ಹಿಡಿ, ಗೇರ್ ಬೂಟು, ಸ್ಟೀರಿಂಗಿನ ಹಿಂಬದಿ ಮರೆಯಬೇಡಿ.

ಸೀಟಿನ ಫೋಮ್ ಆಳದವರೆಗೂ ಬೂಸ್ಟು ಹೋಗಿದ್ದರೆ ಮನೆಯಲ್ಲಿ ಆಗುವ ಮಾತಲ್ಲ. ಕಾರನ್ನು ಒಳಹೊರಗೆ ಶುಚಿ ಮಾಡಿಕೊಡುವ ಡೀಟೇಲಿಂಗ್ ಅಂಗಡಿಯವರ ಬಳಿ ಬಿಸಿನೀರು ಹಾಕಿ ಕೂಡಲೇ ಎಳೆದು ತೆಗೆಯುವ ಯಂತ್ರ ಇರುತ್ತದೆ. ಕೊಡುವ ಮೊದಲು ಕಾರ್ಪೆಟ್ ಎತ್ತಿ ಒಣಗಿಸುತ್ತೀರಾ ಎಂದು ಕೇಳಿ. ಮೇಲಿನಿಂದ ನೊರೆ ಹೊಡೆದು ಹೊಳಪು ಕೊಟ್ಟು ಕಳಿಸುವ ಅಂಗಡಿಗಳೂ ಇವೆ, ಅಂಥಲ್ಲಿ ಹಣ ಹಾಳು.

ತಗಡಿನ ನೆಲ ಬರಿದಾಗಿರುವಾಗಲೇ ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದುಬಿಡಿ. ಮತ್ತೆ ಇಷ್ಟು ಸಲೀಸಾಗಿ ಆ ಜಾಗ ಕೈಗೆ ಸಿಗುವುದಿಲ್ಲ.

ಎಸಿಯನ್ನು ಮರೆತರೆ ವಾಸನೆ ಮರಳುತ್ತದೆ

ಎಲ್ಲ ಒಣಗಿ, ಸೀಟು ಕೂರಿಸಿ, ಬ್ಯಾಟರಿ ಜೋಡಿಸಿ, ಎಸಿ ಹಾಕಿದ ಮೊದಲ ನಿಮಿಷದಲ್ಲಿ ಹುಳಿ ವಾಸನೆ ಬಂದರೆ ಬೂಸ್ಟು ಕೂಲಿಂಗ್ ಕಾಯಿಲ್ ಮೇಲಿದೆ. ಹೆಚ್ಚಿನ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸಿನ ಹಿಂದೆ. ಗ್ಲೋವ್ ಬಾಕ್ಸಿನ ಎರಡು ಬದಿ ಒಳಕ್ಕೆ ಒತ್ತಿದರೆ ಅದು ಕೆಳಗೆ ಇಳಿಯುತ್ತದೆ. ಹಳೆಯ ಫಿಲ್ಟರನ್ನು ತೊಳೆಯಲು ಹೋಗಬೇಡಿ, ಕಾಗದದ್ದು. ಎಸೆದು ಹೊಸದು ಹಾಕಿ. ಹೊಸದು ಹಾಕುವ ಮೊದಲು ಎಸಿ ಕಾಯಿಲ್‌ಗೆಂದೇ ಬರುವ ನೊರೆ ಸ್ಪ್ರೇಯನ್ನು ಡಬ್ಬಿಯ ಮೇಲೆ ಬರೆದ ರೀತಿ ಹೊಡೆಯಿರಿ. ಡ್ರೈನ್ ಪೈಪ್ ಕಟ್ಟಿದ್ದರೆ ಮೊದಲೇ ಬಿಡಿಸಿರಬೇಕು, ಇಲ್ಲವಾದರೆ ನೊರೆ ಕರಗಿದ ಕೊಳೆ ನೀರು ಮತ್ತೆ ಕಾರ್ಪೆಟ್ಟಿಗೇ ಬರುತ್ತದೆ. ಆಮೇಲೆ ಬಾಗಿಲು ತೆರೆದು, ಎಸಿ ಆಫ್ ಮಾಡಿ, ಹೀಟರ್ ಹಾಕಿ ಬ್ಲೋವರನ್ನು ಜೋರಾಗಿ ಹತ್ತು ನಿಮಿಷ ಓಡಿಸಿ. ಎಂಜಿನ್ ಓಡುವಾಗ ಕಾರು ಬಯಲಲ್ಲೇ ಇರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ.

ಇನ್ನು ಮುಂದೆ ಮನೆ ತಲುಪಲು ಎರಡು ಮೂರು ನಿಮಿಷ ಇರುವಾಗ ಎಸಿ ಆಫ್ ಮಾಡಿ ಬರೀ ಬ್ಲೋವರ್ ಓಡಲಿ. ಕಾಯಿಲ್ ಒಣಗಿದರೆ ಅಲ್ಲಿ ಬೂಸ್ಟು ಕೂರುವುದಿಲ್ಲ.

ವಾಪಸ್ ಜೋಡಿಸಿದ ಮೇಲೆ

ಸೀಟಿನ ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಡಬೇಡಿ. ಗ್ಯಾರೇಜಿನಲ್ಲಿ ಬಿಗಿ ಎಷ್ಟೆಂದು ಅಳೆಯುವ ಟಾರ್ಕ್ ಪಾನಾ ಹಾಕಿ ಬಿಗಿ ಮಾಡಿಸಿ. ಹಳದಿ ಕನೆಕ್ಟರ್ ಕ್ಲಿಕ್ ಎಂದ ಮೇಲೆಯೇ ಬ್ಯಾಟರಿ ಜೋಡಿಸಿ, ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡಿನಲ್ಲಿ ಆರಿತೇ ನೋಡಿ. ರೆಕ್ಸಿನ್ ಕವರನ್ನು ಕೂಡಲೇ ಹಾಕಬೇಡಿ, ಒಂದು ತಿಂಗಳು ಬಟ್ಟೆ ಸೀಟು ಗಾಳಿಗೆ ಇರಲಿ.

ಊರಿಗೆ ಹೋಗಿ ವಾರಗಟ್ಟಲೆ ಕಾರು ನಿಲ್ಲಿಸುವವರು ಒದ್ದೆ ಕೊಡೆ, ಒದ್ದೆ ಮ್ಯಾಟ್, ಮಕ್ಕಳ ರೇನ್‌ಕೋಟ್ ಒಳಗೆ ಬಿಡಬೇಡಿ. ಸೀಟಿನಡಿ ಉರುಳಿಹೋದ ಬಿಸ್ಕತ್ ಚೂರೂ ಬೂಸ್ಟಿಗೆ ಆಹಾರ. ಮಳೆಗಾಲದಲ್ಲಿ ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಎಳೆಯಬೇಡಿ. ಮಾಡು ಇರುವ ಜಾಗ ಸಿಕ್ಕರೆ ಅಲ್ಲಿ ನಿಲ್ಲಿಸಿ ಕಿಟಕಿ ಅರ್ಧ ಬೆರಳಷ್ಟು ಇಳಿಸಿಡಿ. ವಾರಕ್ಕೊಮ್ಮೆ ಯಾರಾದರೂ ಕಾರನ್ನು ಅರ್ಧ ಗಂಟೆ ಎಸಿ ಹಾಕಿ ಓಡಿಸಿದರೆ ಒಳಗಿನ ತೇವ ಇಳಿಯುತ್ತದೆ.

ಎರಡು ವಾರ ಬಿಟ್ಟು ಹೊಸ್ತಿಲ ಪಟ್ಟಿ ಒಂದನ್ನು ಎಬ್ಬಿಸಿ, ಕಾರ್ಪೆಟ್ ಅಂಚು ಎತ್ತಿ, ಟಿಶ್ಯೂ ಒತ್ತಿ ನೋಡಿ. ಸ್ಟೆಪ್ನಿ ಜಾಗವನ್ನೂ ಮುಟ್ಟಿ ನೋಡಿ. ಒಂದು ಜೋರು ಮಳೆ ಆದ ಮಾರನೇ ದಿನ ಇದೇ ಕೆಲಸ ಇನ್ನೊಮ್ಮೆ ಮಾಡಿ. ಕಾಗದ ಒದ್ದೆಯಾಗಿ ಬಂದರೆ ಸೋರಿಕೆ ಇನ್ನೂ ಇದೆ. ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ ಮತ್ತೆ ಹುಡುಕಿ.